ಒಳಕೋಣೆಗೆ ಬೇರೆ ಕೀ

ಕೋಡಿಂಬಾಳ
19-5-2024

ಪ್ರೀತಿಯ ಅಕ್ಷಿತಾಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನೀನು ಹೇಗಿದ್ದೀ ಮಗಾ? ಭವಿತನಿಗೆ ಘಾಟಿಯ ಆಚೆಯ ಜೆಸಿಬಿ ಕೆಲಸ ಮುಗಿಯಿತೇ, ಬೆನ್ನುನೋವು ಕಡಿಮೆ ಉಂಟೇ? ನಿನ್ನ ಅತ್ತೆ ಕುಸುಮಾವತಿ ಅಕ್ಕನ ಮೊಣಕಾಲಿಗೆ ಆ ಎಣ್ಣೆ ಹಿಡಿಯಿತೇ? ಇಲ್ಲಿ ರೂಪೇಶ ಚೆನ್ನಾಗಿದ್ದಾನೆ. ಸೊಸೆ ಸುರಕ್ಷಾಳಿಗೆ ಸ್ವಲ್ಪ ಶೀತ. ಮೊಮ್ಮಗಳು ಯಶಸ್ವಿಗೆ ಶಾಲೆ ಶುರುವಾಗುವ ಮೊದಲೇ ಶಾಲೆ ಬೇಡವಾಗಿದೆ. ನನಗೆ ಎಂತದೂ ಇಲ್ಲ, ಆಯಾಸ ಒಂದು ಬಿಟ್ಟರೆ.

ನೀನು ಫೋನು ತೆಗೆಯುತ್ತಿಲ್ಲ. ತೆಗೆ ಎಂದು ಹೇಳುವ ಮುಖ ನನಗೂ ಇಲ್ಲ. ಅದಕ್ಕೇ ಕಾಗದ ಬರೆಯಲು ಕೂತೆ. ರೂಪೇಶನ ಝೆರಾಕ್ಸ್ ಅಂಗಡಿಯಲ್ಲಿ ದಿನವಿಡೀ ಕಡಬ ಪೇಟೆಯವರ ಕಾಗದಗಳಿಗೆ ಪ್ರತಿ ತೆಗೆಯುವವಳು ನಾನು. ಇದಕ್ಕೆ ಮಾತ್ರ ಬೇರೆ ಪ್ರತಿ ಇಲ್ಲ. ಓದಿ ನೀನು ಹರಿದರೆ ಅಲ್ಲಿಗೆ ಮುಗಿಯಿತು.

ನಮ್ಮ ಮೂಲದ ತರವಾಡು ಮನೆಯನ್ನು ಹೊಸತು ಕಟ್ಟಿ ಒಕ್ಕಲು ಮಾಡಿದ ದಿನ ನಡೆದದ್ದು ಹೇಗೆ ನಡೆಯಿತು ಎಂಬುದಾದರೂ ನಿನಗೆ ತಿಳಿದಿರಬೇಕು.

ಸುಳ್ಯದ ಆ ಹಳೆಯ ಮನೆಯನ್ನು ಕೆಡವುವಾಗ ಪೆಟ್ಟಿಗೆಯಲ್ಲಿದ್ದ ಫೋಟೊಗಳಲ್ಲಿ ಅರ್ಧವನ್ನು ಗೆದ್ದಲು ತಿಂದಿತ್ತು. ಆಗ ಮಾಯಿಲಪ್ಪ ಭಾವ ನನ್ನನ್ನು ಕರೆದು, “ಕಮಲಾ, ನಿನಗೆ ಕಂಪ್ಯೂಟರು ಬರ್ತದಲ್ಲ, ಉಳಿದದ್ದನ್ನೆಲ್ಲ ಮಕ್ಕಳು ಹೇಳುವ ಆ ಕ್ಲೌಡಿಗೆ ಹಾಕು. ಅಲ್ಲಿಗೆ ಗೆದ್ದಲು ಬರುದಿಲ್ಲ” ಅಂದರು. ಕುಟುಂಬದ ಯಜಮಾನರು ಹೇಳಿದ ಮೇಲೆ ಮುಗಿಯಿತು. ಏಳನೇ ಕ್ಲಾಸಿನ ನನಗೆ ಯಾರೂ ಕಲಿಸಿದ್ದಲ್ಲ, ಒತ್ತಿ ಒತ್ತಿ ಕಲಿತದ್ದು. ‘ಕುಟುಂಬ’ ಎಂದು ಒಂದು ಫೋಲ್ಡರ್ ಮಾಡಿದೆ. ಎಲ್ಲ ಮನೆಗಳವರಿಗೂ ಅದನ್ನು ತೆರೆಯುವ ಅವಕಾಶ ಕೊಟ್ಟೆ. ಬರೀ ಅಂಕೆಗಳ ಹೆಸರಿನಲ್ಲಿದ್ದ ಫೋಟೊಗಳಿಗೆಲ್ಲ ಹೆಸರಿಟ್ಟೆ: ‘ಅಜ್ಜ, ಹೊಸ ಕೊಡೆ’, ‘ಜೀಪು ತೋಡಿಗೆ ಬಿದ್ದದ್ದು’ ಹೀಗೆ.

ಕಳೆದ ವರ್ಷ ನೀನು ಆ ಸ್ಕ್ಯಾನಿಂಗಿನ ಚಿತ್ರವನ್ನೂ ಆಸ್ಪತ್ರೆಯ ಕಾಗದಗಳನ್ನೂ ನನಗೆ ಕಳಿಸಿದೆ. “ಫೋನಲ್ಲಿ ಇಟ್ಟುಕೊಳ್ಳಲಿಕ್ಕೆ ಆಗುದಿಲ್ಲ ದೊಡ್ಡಮ್ಮ, ಅಳಿಸಲಿಕ್ಕೂ ಆಗುದಿಲ್ಲ. ನೀವು ಎಲ್ಲಿಯಾದರೂ ಭದ್ರ ಇಡಿ” ಅಂದೆ. ನಿನ್ನ ಅಮ್ಮ ಹೋದ ಮೇಲೆ ನನ್ನ ಸೆರಗು ಹಿಡಿದು ಬೆಳೆದವಳು ನೀನು. ಎಲ್ಲಿಡಲಿ ಎಂದು ತುಂಬಾ ಯೋಚಿಸಿದೆ. ನಮ್ಮಲ್ಲಿ ಬೆಲೆಯುಳ್ಳದ್ದನ್ನು ಎಲ್ಲಿಡುತ್ತೇವೆ ಹೇಳು. ಊರಿನವರು ಅಂಗಳದವರೆಗೆ, ನೆಂಟರು ಚಾವಡಿಯವರೆಗೆ, ಅಡುಗೆಮನೆಗೆ ಮನೆಯವರು. ದೈವದ ಸಾಮಾನಿರುವ ಒಳಕೋಣೆಗೆ ಯಜಮಾನರು ಮಾತ್ರ. ಒಳಗೆ ಹೋದಷ್ಟೂ ಜನ ಕಡಿಮೆ. ಹಾಗಾಗಿ ‘ಕುಟುಂಬ’ದ ಒಳಗೆ ‘ಕೋಡಿಂಬಾಳ ಮನೆ’, ಅದರೊಳಗೆ ‘ಹೆಣ್ಣುಮಕ್ಕಳು’, ಅದರೊಳಗೆ ‘ಅಕ್ಷಿತಾ’ ಎಂದು ಮಾಡಿ ಎಲ್ಲಕ್ಕಿಂತ ಒಳಗೆ ಇಟ್ಟೆ. ಅಷ್ಟು ಒಳಗೆ ಯಾರು ಬರುತ್ತಾರೆ ಎಂದುಕೊಂಡೆ.

ಒಕ್ಕಲಿನ ದಿನ ರೂಪೇಶ ಚಾವಡಿಯ ಟಿ.ವಿ.ಗೆ ಲ್ಯಾಪ್‌ಟಾಪ್ ಜೋಡಿಸಿ, ಕುಟುಂಬದ ಎಲ್ಲ ಫೋಟೊ ಒಂದಾದ ಮೇಲೆ ಒಂದು ಬರುವಂತೆ ಮಾಡಿದ. ಅವನು ಎಲ್ಲ ಎಂದ, ಅದು ಎಲ್ಲವನ್ನೂ ತೋರಿಸಿತು. ಅವನಿಗೆ ಬೈಯಬೇಡ. ತೋಡಿಗೆ ಬಿದ್ದ ಜೀಪಿನ ಫೋಟೊ ಬಂದಾಗ ಜನ ನಕ್ಕರು. ಆಮೇಲೆ ಕಪ್ಪು ಬಿಳುಪಿನ ಆ ಚಿತ್ರ ಬಂತು. “ಇದು ಯಾವ ಕಾಲದ್ದು ಮಾರಾಯ್ರೆ?” ಎಂದು ಯಾರೋ ಕೇಳಿದರು. ಅಡಿಯಲ್ಲಿ ನಾನಿಟ್ಟ ಹೆಸರಿತ್ತು: ‘ಅಕ್ಷಿತಾ – ಮಗು’.

ಹೆಸರಿಡದೆ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎಲ್ಲವನ್ನೂ ಅಚ್ಚುಕಟ್ಟಾಗಿ ಇಡುವ ನನ್ನ ಚಟ.

ಪಂಕ್ತಿಯಲ್ಲಿ ಸಾಂಬಾರು ಬಡಿಸುತ್ತಿದ್ದವರು ಸೌಟು ಹಿಡಿದು ನಿಂತರು. ರೂಪೇಶ ವಯರು ಎಳೆಯುವಷ್ಟರಲ್ಲಿ ನೀನು ಎಲೆಯ ಮುಂದಿನಿಂದ ಎದ್ದಿದ್ದೆ. ನಾನು ಅಂಗಳಕ್ಕೆ ಓಡಿ ಬಂದಾಗ ಭವಿತನ ಬೈಕು ಗೇಟು ದಾಟಿತ್ತು.

ಬೈದಾದರೂ ಒಂದು ಸಾಲು ಬರೆ.

ನಿನ್ನ ದೊಡ್ಡಮ್ಮ
ಕಮಲಾವತಿ


ಪುತ್ತೂರು
6-6-2024

ದೊಡ್ಡಮ್ಮನಿಗೆ,

ನಿಮ್ಮ ಕಾಗದ ಸಿಕ್ಕಿತು. ಇಲ್ಲಿ ಎಲ್ಲರೂ ಆರಾಮ ಎಂದು ಬರೆಯುವುದು ವಾಡಿಕೆ.

ಮೊನ್ನೆ ಸೀತು ಚಿಕ್ಕಮ್ಮ ನಾನು ಕೆಲಸ ಮಾಡುವ ಬಟ್ಟೆ ಅಂಗಡಿಗೆ ಬಂದರು. ನಾಲ್ಕು ಸೀರೆ ಬಿಡಿಸಿ ಹಾಕಿಸಿದರು. “ಈ ನೀಲಿ ಬೇಡ ಮಾರಾಯ್ತಿ, ಆ ಹಸಿರು ತೋರಿಸು. ನೀನು ಈಗ ಹೇಗಿದ್ದಿ? ನನ್ನ ತಂಗಿಯ ಸೊಸೆಗೂ ಮೊದಲಿನದ್ದು ಹಾಗೇ ಹೋಗಿತ್ತು, ಈಗ ಅವಳಿಗೆ ಗಂಡು. ನೀನು ಆ ತಲೆಯ ಮಾತ್ರೆ ಎಲ್ಲ ತಿನ್ನಬೇಡ ಆಯ್ತಾ, ಮುಂದೆ ಕಷ್ಟ” ಅಂದರು. ಪಕ್ಕದಲ್ಲಿ ಸೀರೆ ಮಡಚುತ್ತಿದ್ದ ಹುಡುಗಿಯರಿಗೂ ಕೇಳುವ ಹಾಗೆ.

ದೊಡ್ಡಮ್ಮ, ಮಾತ್ರೆಯ ವಿಷಯ ಟಿ.ವಿ.ಯಲ್ಲಿ ಬಂದಿರಲಿಲ್ಲ. ಅಂದರೆ ಅವರು ಮನೆಗೆ ಹೋಗಿ ಫೋಲ್ಡರ್ ತೆರೆದು, ಮನಸ್ಸಿನ ಡಾಕ್ಟರು ಬರೆದ ಚೀಟಿಯನ್ನೂ ಕೂತು ಓದಿದ್ದಾರೆ. ಅವರೊಬ್ಬರೇ ಅಲ್ಲ. ಸುಬ್ರಹ್ಮಣ್ಯದಿಂದ ನನ್ನ ಹೆಸರಿನಲ್ಲಿ ಪ್ರಸಾದ ಬರುತ್ತಿದೆ. ನೆಲ್ಯಾಡಿಯ ಯಾವುದೋ ವೈದ್ಯರ ನಂಬರು ಮೂರು ಮನೆಯವರು ಕಳಿಸಿದ್ದಾರೆ. ಎಲ್ಲರೂ ಒಳ್ಳೆಯದಕ್ಕೇ ಹೇಳುತ್ತಾರೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪಾಪ ಎನ್ನುವವರಿಗೆ ಏನು ಹೇಳುವುದು? ನನಗೆ ಸುಸ್ತಾಗಿದೆ.

ಇನ್ನೊಂದು. ಭವಿತ್ ಆ ಚಿತ್ರವನ್ನು ಮೊದಲ ಸಲ ನೋಡಿದ್ದು ಆ ಟಿ.ವಿ.ಯಲ್ಲಿ. ಸ್ಕ್ಯಾನಿಂಗಿನ ದಿನ ಅವರು ಘಾಟಿಯ ಆಚೆ ಇದ್ದರು. ಬಂದ ಮೇಲೆ ತೋರಿಸುವ ಎಂದುಕೊಂಡಿದ್ದೆ. ಅವರು ಬರುವಾಗ ಎಲ್ಲ ಮುಗಿದಿತ್ತು. ಆಮೇಲೆ ಅವರು ಕೇಳಲಿಲ್ಲ, ನಾನು ತೋರಿಸಲಿಲ್ಲ.

ನನಗೆ ಬೇಕಾದ್ದು ಇಷ್ಟೇ. ಅದು ಎಲ್ಲೆಲ್ಲಿಗೆ ಹೋಗಿದೆಯೋ ಅಲ್ಲಿಂದೆಲ್ಲ ವಾಪಸು ಬರಬೇಕು. ಗಾಬರಿಯಲ್ಲಿ ಅಳಿಸಿಬಿಡಬೇಡಿ. ನನ್ನ ಬಳಿ ಬೇರೆ ಇಲ್ಲ.

ಮನೆಗೆ ಯಾರನ್ನೂ ಕಳಿಸಬೇಡಿ. ನೀವೂ ಈಗ ಬರಬೇಡಿ.

ಅಕ್ಷಿತಾ


ಕೋಡಿಂಬಾಳ
27-6-2024

ಪ್ರೀತಿಯ ಅಕ್ಷಿತಾ,

ಇದು ಕಾರ್ಡು. ಪೋಸ್ಟಿನವರು ಓದಿದರೂ ಓದಿಯಾರು, ಹಾಗಾಗಿ ಮಳೆಯ ವಿಷಯ ಮಾತ್ರ. ಮಳೆ ಜೋರು. ಕರೆಂಟು ಬಂದು ಹೋಗಿ ಮಾಡುತ್ತಿದೆ. ರಬ್ಬರ್ ಮರಗಳಿಗೆ ಪ್ಲಾಸ್ಟಿಕ್ ಕಟ್ಟಿ ಆಯಿತು. ಅಂಗಳದಲ್ಲಿ ಪಾಚಿ, ಯಶಸ್ವಿ ಜಾರಿ ಬಿದ್ದು ಮಂಡಿ ತರಚಿ, ಅಳುವ ಮೊದಲು ಸುತ್ತ ಯಾರಾದರೂ ನೋಡಿದರಾ ಎಂದು ನೋಡಿದಳು. ನೀನೂ ಸಣ್ಣದಿರುವಾಗ ಹಾಗೇ.

ಉಳಿದದ್ದು ಲಕೋಟೆಯಲ್ಲಿ. ನೀನು ಹೇಳಿದ ಕೆಲಸ ಹಿಡಿದಿದ್ದೇನೆ.

ದೊಡ್ಡಮ್ಮ


ಕೋಡಿಂಬಾಳ
4-8-2024

ಪ್ರೀತಿಯ ಅಕ್ಷಿತಾ,

ಕುಸುಮಾವತಿ ಅಕ್ಕನಿಗೆ ಜ್ವರ ಎಂದು ಕೇಳಿದೆ, ಬಿಟ್ಟಿತೇ? ಭವಿತನನ್ನು ಕೇಳಿದೆನೆಂದು ಹೇಳು. ಹೇಳಲು ಮನಸ್ಸಾದರೆ.

ನಾನು ಮೊದಲು ಹೋದದ್ದು ನಮ್ಮ ಅಂಗಡಿಯ ಪಕ್ಕದ ಸಮದ್‌ನ ಮೊಬೈಲ್ ಅಂಗಡಿಗೆ. ಯಾರದ್ದು, ಎಂತದ್ದು ಎಂದು ಹೇಳಲಿಲ್ಲ. ಅವನೂ ಕೇಳಲಿಲ್ಲ.

“ಸಮದ್, ಅಷ್ಟು ಒಳಗೆ ಇಟ್ಟದ್ದು ಹೊರಗೆ ಬಂದದ್ದು ಹೇಗೆ ಮಾರಾಯ?”

“ಕಮಲಕ್ಕ, ನೀವು ಗೇಟಲ್ಲೇ ಎಲ್ಲರಿಗೂ ಕೀ ಕೊಟ್ಟಿದ್ದೀರಿ. ಇಲ್ಲಿ ಗೇಟಿನ ಕೀ ಒಳಗಿನ ಎಲ್ಲ ಬಾಗಿಲಿಗೂ ಆಗ್ತದೆ. ಎಷ್ಟು ಒಳಗೆ ಇಟ್ಟರೂ ಅಷ್ಟೇ.”

“ಮತ್ತೆ ಎಲ್ಲಿ ಇಡುದು?”

“ಅಂಗಳದ ಆಚೆ. ಬೇರೆಯೇ ಮನೆ, ಬೇರೆಯೇ ಕೀ.”

“ಹೆಣ್ಣುಮಕ್ಕಳ ಸಾಮಾನು ಅಂಗಳದ ಆಚೆ ಇಡುದಾ?”

“ಆ ಮೆಷಿನಿಗೆ ಚಾವಡಿ ಯಾವುದು, ಒಳಕೋಣೆ ಯಾವುದು ಎಂತ ಗೊತ್ತು ಕಮಲಕ್ಕ? ಅದಕ್ಕೆ ಯಾರಿಗೆ ಕೊಟ್ಟಿದ್ದೀರಿ ಅಂತ ಮಾತ್ರ ಗೊತ್ತು. ನೀವು ಇಷ್ಟು ದಿನ ನಿಮ್ಮ ಮನೆಯನ್ನೇ ನೋಡಿದ್ದು, ಅದರ ಮನೆಯನ್ನು ನೋಡಲಿಲ್ಲ.” ಹೇಳಿ ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿ ಚಹಾ ತರಿಸಿದ.

ಅಂದೇ ನಿನ್ನ ಫೋಲ್ಡರನ್ನು ‘ಕುಟುಂಬ’ದಿಂದ ಎತ್ತಿ ಹೊರಗೆ ಬೇರೆ ಇಟ್ಟೆ. ಈಗ ಅದು ನನಗೆ ಮಾತ್ರ ಕಾಣುತ್ತದೆ. ರೂಪೇಶನ ಫೋನಿನಿಂದ ತೆರೆದು ನೋಡಿದೆ, ತೆರೆಯಲಿಲ್ಲ. ಆದರೂ ನಂಬಿಕೆ ಬರಲಿಲ್ಲ. ಬೇರೆಯವರ ಮನೆಯ ಕಾಗದಗಳೂ ಹೀಗೇ ಬಾಯಿ ತೆರೆದು ಬಿದ್ದಿದ್ದರೆ ಎಂಬ ಹೆದರಿಕೆಯಲ್ಲಿ, ಎಲ್ಲ ಸರಿಮಾಡುವವರೆಗೆ ಯಾರಿಗೂ ಬೇಡ ಎಂದು ಎಲ್ಲರ ಹೆಸರನ್ನೂ ‘ಕುಟುಂಬ’ದಿಂದ ತೆಗೆದೆ. ಅದು ಇನ್ನೊಂದು ರಾಮಾಯಣವಾಯಿತು. ಮಾಯಿಲಪ್ಪ ಭಾವನ ಫೋನು ಬಂತು.

“ಕಮಲಾ, ನಮ್ಮನ್ನು ಕುಟುಂಬದಿಂದ ಹೊರಗೆ ಹಾಕಿದ್ದು ಯಾರ ತೀರ್ಮಾನ?”

“ಕುಟುಂಬದಿಂದ ಅಲ್ಲ ಭಾವ, ಫೋಲ್ಡರಿನಿಂದ.”

“ಅದರ ಹೆಸರು ಎಂತ?”

“ಕುಟುಂಬ.”

“ಮತ್ತೆ ನಾನು ಹೇಳಿದ್ದೆಂತ? ಯಜಮಾನನಿಗೇ ಬಾಗಿಲು ಹಾಕುದಾ?”

ಫೋನಿನಲ್ಲಿ ಆಗುವ ಮಾತಲ್ಲ ಎಂದು ಬಸ್ಸು ಹತ್ತಿ ಸುಳ್ಯಕ್ಕೆ ಹೋದೆ. ಅದಲ್ಲದೆ ಹೋಗಲಿಕ್ಕೇ ಬೇಕಿತ್ತು. ಎಲ್ಲ ಮನೆಯವರಿಗೂ ಫೋನು ಮಾಡಿ, ಆ ಚಿತ್ರ, ಆ ಕಾಗದ ನಿಮ್ಮ ಫೋನಿನಲ್ಲಿದ್ದರೆ ದಯವಿಟ್ಟು ತೆಗೆಯಿರಿ ಎಂದು ಹೇಳುತ್ತಾ ಬಂದಿದ್ದೆ. ಕೆಲವರು ಸುಮ್ಮನೆ ಹೂಂ ಅಂದರು. ಸೀತು, “ನಾನೆಂತ ಕದ್ದಿದ್ದೇನಾ ಕಮಲಕ್ಕ? ನೀವೇ ಹಾಕಿದ್ದು, ನಾವು ನೋಡಿದ್ದು” ಅಂದಳು. ಅದು ಸರಿಯೇ. ಓದಿದ್ದನ್ನು ಓದದ ಹಾಗೆ ಮಾಡಲು ನನಗೆ ತಿಳಿಯುವುದಿಲ್ಲ. ಇನ್ನು ಆ ಮಾತನ್ನು ಅಂಗಡಿಯಲ್ಲಿ ಎತ್ತುವುದಿಲ್ಲ ಎಂದು ಮಾತ್ರ ಅವಳಿಂದ ಹೇಳಿಸಿಕೊಂಡೆ. ಅಷ್ಟಕ್ಕೇ ಅವಳು ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಇರಲಿ.

ಭಾವನ ಮನೆಯ ವಿಷಯ ಹೇಗೆ ಬರೆಯುವುದೋ ತಿಳಿಯದೆ ಎರಡು ಸಲ ಈ ಕಾಗದವನ್ನು ಅರ್ಧಕ್ಕೆ ಬಿಟ್ಟೆ. ಆದರೆ ನೀನು ಎಲ್ಲೆಲ್ಲಿಂದಲೂ ಎಂದು ಬರೆದಿದ್ದೀ. ಮುಚ್ಚಿಟ್ಟರೆ ಮತ್ತೆ ತಪ್ಪಾಗುತ್ತದೆ.

ದೈವದ ಕೋಣೆಯ ಬಾಗಿಲು ತೆರೆದಿತ್ತು. ಹೊಸ್ತಿಲ ಹೊರಗೆ ನಿಂತು ಕೈಮುಗಿಯುವಾಗ ದೈವದ ಮಂಚದ ಬದಿಯಲ್ಲಿ, ದೀಪದ ಬೆಳಕು ಬೀಳುವಲ್ಲಿ, ಆ ಚಿತ್ರ ಕಂಡೆ. ಸುಳ್ಯದ ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿ ಇಟ್ಟಿದ್ದರು. ಮೇಲೆ ಅಡಿಕೆ ಹೂವಿನ ಒಂದು ಎಸಳು ಹಿಂಗಾರ.

“ಭಾವ, ಇದು ಇಲ್ಲಿ ಎಂತಕ್ಕೆ?”

ಅವರಿಗೆ ಸಿಟ್ಟೆಲ್ಲ ಇಳಿದುಹೋಯಿತು. ಬಾಗಿಲ ಪಕ್ಕದ ಮೆಟ್ಟಿಲಲ್ಲಿ ಕೂತರು. “ಗೋಡೆಗೆ ಹಾಕಲಿಕ್ಕೆ ವಂಶವೃಕ್ಷ ಬರೆಸಿದೆವಲ್ಲ ಕಮಲಾ. ಹುಟ್ಟಿದವರ ಹೆಸರೆಲ್ಲ ಉಂಟು. ಇದನ್ನು ಎಲ್ಲಿ ಬರೆಯುದು? ಇದೂ ನಮ್ಮ ಕುಟುಂಬದ್ದೇ ಅಲ್ವಾ? ದೈವದ ಹತ್ತಿರವಾದರೂ ಒಂದಿಷ್ಟು ಜಾಗ ಇರಲಿ ಅಂತ.”

ಬೈಯಲು ಹೋದವಳು ನಾನೂ ಆ ಮೆಟ್ಟಿಲಲ್ಲಿ ಕೂತೆ. “ನಮ್ಮದು ಹೌದು ಭಾವ. ಆದರೆ ಮೊದಲು ಅವಳದ್ದು. ಎಲ್ಲಿಡಲಿ ಅಂತ ಅವಳ ಹತ್ತಿರ ನೀವೂ ಕೇಳಲಿಲ್ಲ, ನಾನೂ ಕೇಳಲಿಲ್ಲ” ಅಂದೆ.

ಅವರು ಎದ್ದು ಒಳಗೆ ಹೋಗಿ, ಹಿಂಗಾರವನ್ನು ತೆಗೆದು ಬದಿಗಿಟ್ಟು, ಚಿತ್ರವನ್ನು ತಮ್ಮ ಬಿಳಿ ಶಾಲಿನ ತುದಿಯಲ್ಲಿ ಒರಸಿ ನನ್ನ ಕೈಗೆ ಕೊಟ್ಟರು. ಆಮೇಲೆ ಫೋನನ್ನೂ ಕೊಟ್ಟು, “ಇದರಲ್ಲಿಯೂ ಉಂಟು. ನೀನೇ ತೆಗಿ. ನನ್ನ ಕೈಯಲ್ಲಿ ಆಗುದಿಲ್ಲ” ಎಂದು ಮುಖ ತಿರುಗಿಸಿ ಕೂತರು. ಫೋಲ್ಡರಿಗೆ ಅವರ ಹೆಸರನ್ನು ಅಲ್ಲಿಯೇ ಮತ್ತೆ ಸೇರಿಸಿದೆ. ಅವರು ಅದನ್ನು ತೆರೆದು ನೋಡಲಿಲ್ಲ.

ಆ ಪ್ರಿಂಟು ಇದರೊಳಗೆ ಉಂಟು. ಬೇರೆ ಲಕೋಟೆಯಲ್ಲಿ ಹಾಕಿ ಅಂಟಿಸಿದ್ದೇನೆ. ಒಡೆಯುವುದೂ ಬಿಡುವುದೂ ನಿನಗೆ ಬಿಟ್ಟದ್ದು. ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ.

ಮಾತ್ರೆ ನಿಲ್ಲಿಸಬೇಡ. ಇದೊಂದು ಮಾತು ಹೇಳದೆ ಇರಲು ಆಗಲಿಲ್ಲ. ಸೀತುವಿಗೂ ನನಗೂ ವ್ಯತ್ಯಾಸ ಏನು ಎಂದು ನೀನು ಕೇಳಬಹುದು.

ದೊಡ್ಡಮ್ಮ


ಪುತ್ತೂರು
22-9-2024

ಪ್ರೀತಿಯ ದೊಡ್ಡಮ್ಮ,

ಅತ್ತೆಯ ಜ್ವರ ಬಿಟ್ಟಿದೆ. ಯಶಸ್ವಿಯ ಮಂಡಿ ಗಾಯ ಒಣಗಿತೇ? ರೂಪೇಶಣ್ಣನಿಗೆ ಸಿಟ್ಟಿಲ್ಲ ಎಂದು ಹೇಳಿ. ಅವನು ನನಗೆ ಕಳಿಸಿದ ಮೆಸೇಜುಗಳನ್ನೆಲ್ಲ ಈಗ ಓದಿದೆ. ಒಂದರಲ್ಲಿಯೂ ಮಾತು ಪೂರ್ತಿಯಾಗಿಲ್ಲ.

ನೀವು ಕಳಿಸಿದ ಒಳಲಕೋಟೆ ಬೀರುವಿನಲ್ಲಿ ಸೀರೆಯ ಅಡಿ ತುಂಬ ದಿನ ಇತ್ತು. ಒಂದು ಭಾನುವಾರ ಭವಿತ್ ಬೀರುವಿನಿಂದ ತೆಗೆದು ತಂದು, “ಒಡೆಯುದಾ?” ಎಂದು ಕೇಳಿದರು. ಒಡೆಯಿರಿ ಅಂದೆ. ಇಬ್ಬರೂ ಅಡುಗೆಮನೆಯಲ್ಲಿ ನೆಲದಲ್ಲಿ ಕೂತು ನೋಡಿದೆವು. ಅವರಿಗೆ ಎಲ್ಲಿ ತಲೆ, ಎಲ್ಲಿ ಕಾಲು ಎಂದು ತಿಳಿಯಲಿಲ್ಲ. ಡಾಕ್ಟರು ನನಗೆ ತೋರಿಸಿದ ಹಾಗೆ ಬೆರಳಿಟ್ಟು ತೋರಿಸಿದೆ. ಅವರು ಆ ಜಾಗದ ಮೇಲೆ ತಮ್ಮ ಬೆರಳನ್ನು ಇಡಲು ಹೋಗಿ, ಗ್ರೀಸು ಎಂದು ಎದ್ದು ಕೈತೊಳೆದು ಬಂದು ಇಟ್ಟರು.

ಮಾಯಿಲಪ್ಪ ದೊಡ್ಡಪ್ಪನ ಮೇಲೆ ಕೋಪ ಮಾಡಿಕೊಳ್ಳಲು ತುಂಬಾ ಪ್ರಯತ್ನ ಮಾಡಿದೆ. ಆಗಲಿಲ್ಲ. ಆದರೆ ಅಲ್ಲಿಗೆ ಬರಲು ಇನ್ನೂ ಸಮಯ ಬೇಕು.

ಈಗ ನನ್ನದೇ ಒಂದು ಖಾತೆ ಮಾಡಿಕೊಂಡಿದ್ದೇನೆ. ಅದರ ಹೆಸರು ಈ ಕಾಗದದ ಹಿಂದೆ ಬರೆದಿದೆ. ಎಲ್ಲವನ್ನೂ ನನ್ನ ಹೆಸರಿಗೆ ಮಾಡಿಕೊಡಿ. ಆಮೇಲೆ ಅದು ಯಾರಿಗೂ ಕಾಣುವುದು ಬೇಡ. ನಿಮಗೂ ಬೇಡ ದೊಡ್ಡಮ್ಮ. ಕೋಪದಿಂದ ಹೇಳುತ್ತಿಲ್ಲ. ಒಂದನ್ನಾದರೂ ನಾನೇ ಇಟ್ಟುಕೊಂಡು ನೋಡಬೇಕು. ಯಾರಾದರೂ ನನಗಾಗಿ ಇಟ್ಟಿದ್ದಾರೆ ಎಂದಿರುವಷ್ಟು ದಿನ ನಾನು ಅದರಿಂದ ಓಡುತ್ತಲೇ ಇರುತ್ತೇನೆ.

ನೀವಿಟ್ಟ ಹೆಸರನ್ನು ಬದಲಿಸಬೇಡಿ. ಆಸ್ಪತ್ರೆಯ ಕಾಗದಗಳಲ್ಲಿ ಉದ್ದುದ್ದದ ಮಾತುಗಳಿವೆ. ಮಗು ಎಂದು ಎಲ್ಲಿಯೂ ಇಲ್ಲ. ಹಾಗೆ ಬರೆದವರು ನೀವೊಬ್ಬರೇ. ಚಾವಡಿಯಲ್ಲಿ ಅದನ್ನು ಓದಿದಾಗ ನೆಲ ಬಾಯಿಬಿಡಬಾರದೇ ಎನಿಸಿತ್ತು. ಈಗ ಅದೊಂದೇ ಸರಿಯಾದ ಹೆಸರು ಎನಿಸುತ್ತಿದೆ.

ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ಅಕ್ಷಿತಾ


ಕೋಡಿಂಬಾಳ
10-11-2024

ಪ್ರೀತಿಯ ಅಕ್ಷಿತಾಳಿಗೆ ಆಶೀರ್ವಾದಗಳು.

ನಿನಗೂ ಭವಿತನಿಗೂ ಕುಸುಮಾವತಿ ಅಕ್ಕನಿಗೂ ಹಬ್ಬ ಚೆನ್ನಾಗಿ ಕಳೆಯಿತು ಎಂದು ನಂಬಿದ್ದೇನೆ. ಯಶಸ್ವಿಯ ಮಂಡಿ ಒಣಗಿ ಹೊಸ ಗಾಯವೂ ಆಗಿದೆ. ನಿನ್ನ ಕಾಗದದ ಆ ಒಂದು ಸಾಲನ್ನು ರೂಪೇಶನಿಗೆ ಓದಿ ಹೇಳಿದೆ. ಅವನು ಅಂಗಡಿಯ ಮೆಷಿನು ಸರಿಮಾಡುವ ನೆವದಲ್ಲಿ ತುಂಬಾ ಹೊತ್ತು ತಲೆ ಎತ್ತಲಿಲ್ಲ.

ನಿನ್ನ ಹೆಸರಿಗೆ ಮಾಡಿಕೊಡುವ ಕೆಲಸ ಬೇಗ ಮುಗಿಯಲಿಲ್ಲ. ನನಗೆ ಹಬ್ಬದ ಅಡುಗೆ ಮಾಡಿದರೂ ಇಷ್ಟು ದಣಿವಾಗುವುದಿಲ್ಲ. ಫೋಲ್ಡರನ್ನು ನಿನ್ನ ಹೆಸರಿಗೆ ಬರೆದರೆ ಒಳಗಿನದ್ದೆಲ್ಲ ಅದರ ಜೊತೆ ಬರುತ್ತದೆ ಎಂದುಕೊಂಡೆ. ಇಲ್ಲವಂತೆ. ಒಂದೊಂದನ್ನೂ ಬೇರೆ ಬೇರೆಯಾಗಿ ಕೊಡಬೇಕು, ನೀನು ಒಂದೊಂದನ್ನೂ ಒಪ್ಪಿಕೊಳ್ಳಬೇಕು. ನೋಡುವಾಗ ಎಲ್ಲರಿಗೂ ಒಟ್ಟಿಗೆ ತೋರಿಸಿದ್ದು, ಕೊಡುವಾಗ ಹೀಗೆ ಸತಾಯಿಸಿತು. ಸಮದ್, “ಬಿಡಿ ಕಮಲಕ್ಕ, ನಾನು ಕೂತು ಮಾಡಿ ಕೊಡುತ್ತೇನೆ” ಅಂದ. ಬೇಡ ಅಂದೆ. ಹೊರಗೆ ತಂದವಳೇ ಒಳಗೆ ಸೇರಿಸಬೇಕು. ಹೆಸರನ್ನು ಮುಟ್ಟಲಿಲ್ಲ.

ಕಡೆಯ ಕಾಗದವನ್ನು ನೀನು ಒಪ್ಪಿಕೊಂಡ ಮಾರನೆಯ ಬೆಳಿಗ್ಗೆ ಅಂಗಡಿಯಲ್ಲಿ ಕಂಪ್ಯೂಟರು ಹಾಕಿ, ಹಳೆಯ ಅಭ್ಯಾಸದಲ್ಲಿ ಆ ಕೊಂಡಿಯನ್ನು ಒತ್ತಿದೆ. ಕಳೆದ ವರ್ಷದಿಂದ ದಿನಾ ಒಂದು ಸಲ ಒತ್ತಿ, ಉಂಟು ಎಂದು ನೋಡಿ, ಮುಚ್ಚುತ್ತಿದ್ದೆ. ನಿನಗೆ ಇದನ್ನು ಹೇಳಿರಲಿಲ್ಲ. ನಿನ್ನೊಬ್ಬಳದ್ದೇ ಎಂದು ಇಟ್ಟುಕೊಂಡದ್ದು ಯಾವಾಗಲೋ ನನ್ನದೂ ಆಗಿತ್ತು.

ಅವತ್ತು ತೆರೆಯಲಿಲ್ಲ. ಬಿಳಿಯ ಪರದೆಯಲ್ಲಿ, ಇದನ್ನು ನೋಡಲು ನಿಮಗೆ ಅನುಮತಿ ಇಲ್ಲ ಎಂದು ಬಂತು. ಒಂದು ಕ್ಷಣ ಮಾಯಿಲಪ್ಪ ಭಾವನಿಗೆ ಆದ ಹಾಗೆಯೇ ನನಗೂ ಆಯಿತು. ಅವರಿಗೆ ಬಾಗಿಲು ಹಾಕಿದಾಗ ನಾನು ಒಳಗಿದ್ದೆ, ಈಗ ನಾನೂ ಅಂಗಳದಲ್ಲಿ. ಆಮೇಲೆ ಸಮಾಧಾನವಾಯಿತು. ಇಷ್ಟು ದಿನ ಕಷ್ಟಪಟ್ಟದ್ದು ಆ ಒಂದು ಸಾಲು ಬರಲಿ ಎಂದೇ ಅಲ್ಲವೇ. ಗಿರಾಕಿ ಬಂದು ಆಧಾರ್ ಝೆರಾಕ್ಸ್ ಕೇಳಿದರು, ತೆಗೆದುಕೊಟ್ಟೆ.

ಆ ಸಾಲಿನ ಕೆಳಗೆ ಒಂದು ನೀಲಿ ಗುಂಡಿ ಇದೆ, ಅನುಮತಿ ಕೇಳಿ ಎಂದು. ನಾನು ಅದನ್ನು ಒತ್ತಲಿಲ್ಲ. ಒತ್ತಿದರೆ ನಿನ್ನ ಫೋನಿಗೆ ಸುದ್ದಿ ಬಂದು, ನೀನು ಹೌದು ಎನ್ನಬೇಕು ಇಲ್ಲವೇ ಬೇಡ ಎನ್ನಬೇಕು. ಕಾಗದಕ್ಕೆ ಆ ಕಷ್ಟ ಇಲ್ಲ. ಇದಕ್ಕೆ ನೀನು ಬರೀ ಮಳೆ ಬಿಟ್ಟ ವಿಷಯ ಬರೆದರೂ ನನಗೆ ಸಾಕು. ಆದರೆ ಬೇಗ ಬರೆ ಮಗಾ.

ನಿನ್ನ
ದೊಡ್ಡಮ್ಮ